ಬಂಕ್ ಟ್ರಾನ್ಸಮ್‌ವರೆಗೂ ಬರ್ತಿಲ್ಲ, ಬೋಟಿನ ಹಿಂಭಾಗ ಗಾಳಿಯಲ್ಲಿದೆ – ಸರಿ ಮಾಡೋದು ಹೇಗೆ?

ಬೆಳ್ಳಕ್ಕಿ:
ಎಲ್ಲರಿಗೂ ನಮಸ್ಕಾರ. ನನ್ನದು 17 ಅಡಿಯ ಫೈಬರ್ ಬೋಟು, ವಿ ಆಕಾರದ ತಳ, ಹಿಂದೆ 115 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್. ಟ್ರೇಲರ್ ಬೇರೆ ಯಾವುದೋ ಬೋಟಿಗೆ ಹೊಂದಿಸಿದ್ದದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಬೋಟನ್ನು ಮುಂದೆ ಬೋ ಸ್ಟಾಪ್‌ಗೆ (ಬೋಟಿನ ಮೂಗು ಬಂದು ನಿಲ್ಲುವ ತಡೆ) ತಾಗುವವರೆಗೂ ವಿಂಚ್‌ನಿಂದ ಎಳೆದರೂ ಟ್ರಾನ್ಸಮ್ (ಎಂಜಿನ್ ಕೂರಿಸುವ ಹಿಂದಿನ ಗೋಡೆ) ಬಂಕಿನ (ಟ್ರೇಲರ್ ಮೇಲೆ ಬೋಟಿನ ತಳ ಕೂರುವ ಉದ್ದನೆಯ ಹಲಗೆ) ತುದಿಯಿಂದ ಒಂದು ಗೇಣಿಗಿಂತ ಜಾಸ್ತಿ ಹಿಂದೆಯೇ ಉಳಿಯುತ್ತದೆ. ಅಳೆದರೆ 25 ಸೆಂ.ಮೀ.

ಬಲಗಡೆ ಬಂಕಿನ ಕಾರ್ಪೆಟ್ ಒಳ ಅಂಚಿನಲ್ಲಿ ಮಾತ್ರ ಸವೆದು ಮರ ಕಾಣ್ತಿದೆ, ಹೊರ ಅಂಚು ಹೊಸದರ ಹಾಗೇ ಇದೆ. ಬಂಕ್ ಮುಗಿಯುವ ಜಾಗಕ್ಕೆ ಸರಿಯಾಗಿ ಜೆಲ್‌ಕೋಟಿನಲ್ಲಿ (ಫೈಬರಿನ ಹೊರಪದರ) ಕೂದಲೆಳೆಯಂಥ ಬಿರುಕುಗಳೂ ಕಾಣಿಸಿವೆ. ಉದ್ದದ ಹಲಗೆ ಹಾಕಿದರೆ ಸಾಕಾ, ಅಥವಾ ಬೋಟನ್ನೇ ಮುಂದೆ ತರಬೇಕಾ?

ಹುಟ್ಟುಗೋಲು:
ಉದ್ದದ ಹಲಗೆ ಹಾಕಿಬಿಡಿ, ಅಷ್ಟೇ. ಹಳೆಯ ಬೋಲ್ಟ್ ತೂತುಗಳನ್ನೇ ಗುರುತು ಹಾಕಿಕೊಂಡರೆ ಅರ್ಧ ದಿನದ ಕೆಲಸ.

ಲಂಗರು:
ಹುಟ್ಟುಗೋಲು ಹೇಳಿದ್ದು ಕೆಲವು ಟ್ರೇಲರ್‌ಗಳಿಗೆ ಸರಿ. ಆದರೆ ಬೆಳ್ಳಕ್ಕಿ, ಮೊದಲು ಒಂದು ಅಳತೆ ಬೇಕು. ಕೊನೆಯ ಬ್ರಾಕೆಟ್‌ನಿಂದ ಬಂಕಿನ ತುದಿ ಎಷ್ಟು ದೂರ? ಬ್ರಾಕೆಟ್ ದಾಟಿದ ಮೇಲೆ ಹಲಗೆಗೆ ಕೆಳಗಿನಿಂದ ಏನೂ ಆಸರೆ ಇಲ್ಲ. ಟ್ರಾನ್ಸಮ್ ಬಂದು ಅದರ ತುದಿಯ ಮೇಲೆ ಕೂತರೆ ಹಲಗೆ ಬಾಗುತ್ತದೆ. ಮೇಲಿಂದ ನೋಡಿದರೆ ಬಂಕ್ ಟ್ರಾನ್ಸಮ್‌ವರೆಗೂ ಬಂದಂತೆ ಕಾಣುತ್ತದೆ, ಭಾರ ಮಾತ್ರ ಹಳೆಯ ಜಾಗದಲ್ಲೇ ಬೀಳ್ತಿರುತ್ತದೆ.

ಈ 25 ಸೆಂ.ಮೀ. ಯಾಕೆ ಇಷ್ಟು ಮುಖ್ಯ ಅಂದ್ರೆ, ಬೋಟಿನ ಭಾರ ಜಾಸ್ತಿ ಇರೋದೇ ಅಲ್ಲಿ. 115ರ ಫೋರ್ ಸ್ಟ್ರೋಕ್ ಎಂಜಿನ್ ಒಂದೇ 160 ಕಿಲೋ ಮೇಲಿರುತ್ತದೆ, ಅದೂ ಟ್ರಾನ್ಸಮ್‌ಗಿಂತ ಆಚೆ ತೂಗುತ್ತದೆ. ಅದರ ಮುಂದೆಯೇ ಬ್ಯಾಟರಿ, ಎಷ್ಟೋ ಬೋಟುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕೂಡ. ನೀರಿನಲ್ಲಿದ್ದಾಗ ಇದನ್ನೆಲ್ಲ ತಳದ ಉದ್ದಗಲಕ್ಕೂ ನೀರೇ ಹೊರುತ್ತದೆ. ಟ್ರೇಲರ್ ಮೇಲೆ ಎರಡು ಹಲಗೆ ಹೊರಬೇಕು. ರಸ್ತೆಯ ಗುಂಡಿಗೆ ಇಳಿದಾಗಲೆಲ್ಲ ಎಂಜಿನ್ ಕೆಳಕ್ಕೆ ಜಗ್ಗುತ್ತದೆ, ತಳ ಬಂಕಿನ ತುದಿಯಲ್ಲೇ ಮುರಿದುಕೊಳ್ಳಲು ನೋಡುತ್ತದೆ. ನಿಮಗೆ ಕಾಣಿಸಿದ ಬಿರುಕು ಆ ಜಾಗದ್ದೇ ಅಂತ ಅನ್ನಿಸ್ತಿದೆ. ಹೀಗೇ ಬಿಟ್ಟರೆ ತಳದ ಕೊನೆಯ ಭಾಗ ಕೆಳಕ್ಕೆ ಬಾಗಿ ಹಾಗೇ ನಿಂತುಬಿಡಬಹುದು. ಇದಕ್ಕೆ ಹುಕ್ ಅಂತಾರೆ. ಹುಕ್ ಬಂದ ಬೋಟು ವೇಗದಲ್ಲಿ ಹಿಂಭಾಗ ಎತ್ತಿ ಮೂಗನ್ನು ನೀರಿಗೆ ಒತ್ತುತ್ತದೆ, ಟಾಪ್ ಸ್ಪೀಡ್ ಇಳಿಯುತ್ತದೆ, ಎಂಜಿನ್ ಟ್ರಿಮ್ (ಎಂಜಿನ್ನಿನ ಓರೆ) ಎಷ್ಟು ಮೇಲೆತ್ತಿದರೂ ಪೂರ್ತಿ ಸರಿಹೋಗಲ್ಲ.

ಒಂದೂವರೆ ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ತಗೊಂಡು, ಟ್ರಾನ್ಸಮ್ ಅಂಚಿನಿಂದ ಮುಂದಕ್ಕೆ, ಕೀಲ್‌ಗೆ (ತಳದ ನಡುಗೆರೆ) ಸಮಾನಾಂತರವಾಗಿ, ಸ್ಟ್ರೇಕ್‌ಗಳ (ತಳದ ಉದ್ದಕ್ಕೂ ಇರುವ ಉಬ್ಬು ಪಟ್ಟಿಗಳು) ನಡುವಿನ ಚಪ್ಪಟೆ ಜಾಗದಲ್ಲಿ ಒತ್ತಿ ಹಿಡಿಯಿರಿ. ನಡುವೆ ಸಂದು ಕಂಡರೆ ಹುಕ್. ನಡುವೆ ತಾಗಿ ತುದಿಗಳು ಬಿಟ್ಟುಕೊಂಡರೆ ಅದು ಉಬ್ಬು, ಅದರ ತೊಂದರೆ ಬೇರೆ: ಬೋಟು ಓಡುವಾಗ ಕುಪ್ಪಳಿಸುತ್ತದೆ.

ಕಾರ್ಪೆಟ್ ಒಳ ಅಂಚು ಮಾತ್ರ ಸವೆದಿದ್ದರೆ ಬಂಕ್ ನಿಮ್ಮ ತಳದಷ್ಟು ಓರೆಯಾಗಿಲ್ಲ. ವಿ ತಳ ಕೀಲ್‌ನಿಂದ ಹೊರಕ್ಕೆ ಏರುತ್ತಾ ಹೋಗುತ್ತದಲ್ವಾ, ಬಂಕ್ ಅದಕ್ಕಿಂತ ಚಪ್ಪಟೆ ಇದ್ದರೆ ಮೊದಲು ತಾಗೋದು ಒಳ ಅಂಚೇ. ಆಗ ಇಡೀ ಹಲಗೆಯ ಮೇಲೆ ಹರಡಬೇಕಾದ ಭಾರ ಬೆರಳಗಲದ ಗೆರೆಯ ಮೇಲೆ ಬೀಳುತ್ತದೆ.

ಬೆಳ್ಳಕ್ಕಿ:
ಅಳೆದೆ. ಕೊನೆಯ ಬ್ರಾಕೆಟ್‌ನಿಂದ ಬಂಕಿನ ತುದಿ 15 ಸೆಂ.ಮೀ. ಪಟ್ಟಿ ಹಿಡಿದು ನೋಡಿದಾಗ ಬಲಗಡೆ ನಡುವೆ ಒಂದು ಮಿ.ಮೀ. ಸಂದಿದೆ, ಎಡಗಡೆ ಏನೂ ಇಲ್ಲ. ವಿಂಚ್ ಸ್ಟ್ಯಾಂಡ್ ಯು-ಬೋಲ್ಟ್ ಮೇಲೆ ನಿಂತಿದೆ, ಮುಂದೆ ಸರಿಸಲು ಜಾಗ ಇದೆ. ಬೋಟು ಎಂಜಿನ್ ಸೇರಿ ಸುಮಾರು 900 ಕಿಲೋ, ಟ್ರೇಲರ್ 300. ಕಪ್ಲರ್‌ನಿಂದ (ಟ್ರೇಲರ್ ಕಾರಿಗೆ ಸಿಕ್ಕಿಕೊಳ್ಳುವ ಮುಂದಿನ ಮೂತಿ) ಆಕ್ಸಲ್‌ಗೆ 4.5 ಮೀಟರ್.

ಲಂಗರು:
ಇಷ್ಟು ಸರಿಯಾಗಿ ಅಳೆದು ಹೇಳಿದ್ದಕ್ಕೆ ಥ್ಯಾಂಕ್ಸ್, ಈಗ ಮಾತಾಡೋದು ಸುಲಭ. ಒಂದು ಮಿ.ಮೀ.ಗೆ ಗಾಬರಿ ಬೇಡ, ಬಿಸಿಲಿನಲ್ಲಿ ಹೀಗೇ ತಿಂಗಳುಗಟ್ಟಲೆ ನಿಲ್ಲಿಸೋದು ಮಾತ್ರ ಬೇಡ.

ಉದ್ದದ ಹಲಗೆ ಹಾಕಿದರೆ ಬ್ರಾಕೆಟ್ ಆಚೆ 40 ಸೆಂ.ಮೀ. ಮರ ಚಾಚಿಕೊಳ್ಳುತ್ತದೆ, ನಿಮ್ಮ ಎಂಜಿನ್ ಭಾರಕ್ಕೆ ಅದು ನಿಲ್ಲಲ್ಲ. ಹಾಗಾಗಿ ನನ್ನ ಆಯ್ಕೆ ಬೋಟನ್ನೇ ಮುಂದೆ ತರೋದು. ವಿಂಚ್ ಸ್ಟ್ಯಾಂಡ್ 27 ಸೆಂ.ಮೀ. ಮುಂದೆ ಸರಿಸಿ, ಆಗ ಬಂಕ್ ಟ್ರಾನ್ಸಮ್‌ಗಿಂತ ಎರಡು ಸೆಂ.ಮೀ. ಹಿಂದಕ್ಕೇ ಬರುತ್ತದೆ. ಸ್ಟ್ಯಾಂಡಿನ ಎತ್ತರವನ್ನೂ ನೋಡಿಕೊಳ್ಳಿ, ಬೋ ಐ (ವಿಂಚ್ ಪಟ್ಟಿ ಸಿಕ್ಕಿಸುವ ಮೂಗಿನ ಬಳೆ) ರೋಲರ್‌ನ ಕೆಳಗೆ ಬಂದು ಕೂರಬೇಕು.

ಆದರೆ ಇಲ್ಲೇ ಎಷ್ಟೋ ಜನ ನಿಲ್ಲಿಸಿಬಿಡ್ತಾರೆ. ಬೋಟು ಮುಂದೆ ಬಂದರೆ ಕಪ್ಲರ್ ಮೇಲಿನ ಭಾರವೂ ಏರುತ್ತದೆ. 900 ಕಿಲೋ 0.27 ಮೀಟರ್ ಸರಿದರೆ, 4.5ರಿಂದ ಭಾಗಿಸಿ, 54 ಕಿಲೋ ಹೆಚ್ಚುವರಿ. ಈಗ ಎಷ್ಟಿದೆ ಅಂತ ಅಳೆದಿದ್ದೀರಾ? ಬಾತ್‌ರೂಮ್ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ, ಎರಡೂ ಒಂದೇ ಎತ್ತರಕ್ಕಿರಲಿ. ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಕಪ್ಲರ್ ಇಳಿಸಿ. ಯಂತ್ರ ತೋರಿಸಿದ್ದರ ಮೂರು ಪಟ್ಟು ನಿಮ್ಮ ಕಪ್ಲರ್ ಭಾರ. ಬರೀ ಹಲಗೆ ಇದ್ದಾಗಿನ ಅಂಕಿ ಮೊದಲೇ ಕಳೆದುಕೊಳ್ಳಿ.

ಹುಟ್ಟುಗೋಲು:
40 ಸೆಂ.ಮೀ. ಅಂದ್ರೆ ನನ್ನ ಸಲಹೆ ನಡೆಯಲ್ಲ, ನಿಜ. ಕಾರಿನ ಹಿಚ್‌ಗೆ (ಟ್ರೇಲರ್ ಸಿಕ್ಕಿಸುವ ಕೊಂಡಿ) ಎಷ್ಟು ಭಾರ ಒಪ್ಪುತ್ತದೆ ಅಂತಲೂ ನೋಡಿ, ಸಣ್ಣ ಕಾರುಗಳಲ್ಲಿ ಅದು ಬೇಗ ಮೀರಿಬಿಡುತ್ತದೆ.

ಬೆಳ್ಳಕ್ಕಿ:
ಯಂತ್ರ 20 ತೋರಿಸಿತು, ಅಂದ್ರೆ ಈಗ 60 ಕಿಲೋ. ಹಿಚ್‌ನ ಮಿತಿ 75. ಬೋಟು ಮುಂದೆ ತಂದರೆ 114 ಆಗಿಬಿಡುತ್ತದಲ್ಲ!

ಲಂಗರು:
ಹೌದು, ಅದಕ್ಕೇ ಆಕ್ಸಲ್ ಕೂಡ ಮುಂದೆ ಬರಬೇಕು. ಭಾರ ಸರಿ ಮಾಡೋಕೆ ಬೋಟನ್ನು ಮತ್ತೆ ಹಿಂದೆ ತಳ್ಳಬೇಡಿ. ಬೋಟಿನ ಜಾಗ ತೀರ್ಮಾನ ಆಗೋದು ಟ್ರಾನ್ಸಮ್ ಮತ್ತು ಬಂಕ್‌ನಿಂದ, ಕಪ್ಲರ್ ಭಾರ ತೀರ್ಮಾನ ಆಗೋದು ಆಕ್ಸಲ್‌ನಿಂದ. ನಿಮ್ಮ ಲೆಕ್ಕಕ್ಕೆ ಆಕ್ಸಲ್ ಸುಮಾರು 16–17 ಸೆಂ.ಮೀ. ಮುಂದೆ ಬಂದರೆ 70ರ ಆಸುಪಾಸಿಗೆ ಇಳಿಯುತ್ತದೆ, ಅದು 1200 ಕಿಲೋದ ಶೇ. 6ರಷ್ಟು. ಶೇ. 5ಕ್ಕಿಂತ ಕೆಳಗೆ ಹೋಗಬೇಡಿ, ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಫೆಂಡರ್, ಬ್ರೇಕ್ ಲೈನ್, ಲೈಟಿನ ವೈರ್ ಎಲ್ಲ ಆಕ್ಸಲ್ ಜೊತೆ ಸರಿಯಬೇಕು. ಎರಡೂ ಕಡೆ ಕಪ್ಲರ್‌ನಿಂದ ಆಕ್ಸಲ್ ತುದಿಗೆ ಟೇಪ್ ಹಿಡಿದು ಒಂದೇ ಅಳತೆ ಇದೆಯಾ ನೋಡಿ, ಇಲ್ಲದಿದ್ದರೆ ಟೈರ್ ತಿನ್ನುತ್ತದೆ.

ಬಂಕಿನ ಕೆಳಗೆ ಕೆಲಸ ಮಾಡಲು ಬೋಟನ್ನು ಎತ್ತಬೇಕಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಜಾಕ್ ಇಳಿಸಿ ಕಪ್ಲರನ್ನು ಪೂರ್ತಿ ಕೆಳಗೆ ತನ್ನಿ, ಟ್ರೇಲರ್‌ನ ಹಿಂಭಾಗ ಮೇಲೇಳುತ್ತದೆ. ಆಗ ಟ್ರಾನ್ಸಮ್‌ನ ಹತ್ತಿರ, ಸ್ಟ್ರಿಂಗರ್ (ತಳಕ್ಕೆ ಒಳಗಿನಿಂದ ಬಲ ಕೊಡುವ ಉದ್ದನೆಯ ತೊಲೆ) ಇರುವ ನೇರಕ್ಕೆ, ಅಗಲವಾದ ಮರದ ತುಂಡು ಇಟ್ಟು ಬೋಟ್ ಸ್ಟ್ಯಾಂಡ್ ಕೊಡಿ. ಬರೀ ತಳದ ಚರ್ಮಕ್ಕೆ ಯಾವತ್ತೂ ಜಾಕ್ ಕೊಡಬೇಡಿ. ವಿಂಚ್ ಪಟ್ಟಿ ಸ್ವಲ್ಪ ಸಡಿಲ ಬಿಟ್ಟು, ಸೇಫ್ಟಿ ಚೈನ್ ಹಾಗೇ ಇರಲಿ, ಈಗ ಕಪ್ಲರನ್ನು ನಿಧಾನ ಮೇಲೆತ್ತಿ. ಟ್ರೇಲರ್ ಇಳಿಯುತ್ತದೆ, ಬೋಟು ಸ್ಟ್ಯಾಂಡ್ ಮೇಲೇ ನಿಲ್ಲುತ್ತದೆ, ಬಂಕಿಗೂ ತಳಕ್ಕೂ ನಡುವೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಪಕ್ಕದಿಂದ ಕೈ ಹಾಕಿ ಕೆಲಸ ಮಾಡಿ, ದಯವಿಟ್ಟು ಬೋಟಿನ ಅಡಿಗೆ ಮಲಗಬೇಡಿ.

ಸ್ಟ್ರಿಂಗರ್ ಎಲ್ಲಿದೆ ಅಂತ ಒಳಗಿನ ಹ್ಯಾಚ್ ತೆಗೆದು ನೋಡಿ, ಕಾಣದಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಿಂದ ತಳವನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಗಟ್ಟಿಯಾಗುವ ಗೆರೆ ಅದು. ಬಂಕ್ ಆ ಗೆರೆಯ ಕೆಳಗೇ ಬರಬೇಕು, ಸ್ಟ್ರೇಕ್ ಮೇಲೆ ಹತ್ತಿ ಕೂರಬಾರದು. ಬ್ರಾಕೆಟ್‌ಗಳನ್ನು ಕೈಬಿಗಿಯಷ್ಟೇ ಇಟ್ಟು ಬೋಟನ್ನು ಇಳಿಸಿ, ಬಂಕ್ ತಾನೇ ತಳದ ಓರೆಗೆ ತಿರುಗಿ ಕೂರುತ್ತದೆ, ಆಮೇಲೆ ಬಿಗಿ ಮಾಡಿ.

ತೆಪ್ಪ:
ನಡುವೆ ಒಂದು ಮಾತು. ಇದನ್ನು ಓದುವ ಅಲ್ಯೂಮಿನಿಯಂ ಬೋಟಿನವರು ತಾಮ್ರದ ರಾಸಾಯನಿಕ ಹಾಕಿದ ಮರವನ್ನು ಬಂಕಿಗೆ ಬಳಸಬೇಡಿ. ಒದ್ದೆ ಕಾರ್ಪೆಟ್ ಕೆಳಗೆ ಅದು ಅಲ್ಯೂಮಿನಿಯಂ ತಿಂದು ಗುಳಿ ಮಾಡುತ್ತದೆ.

ಬೆಳ್ಳಕ್ಕಿ:
ಕೆಲಸ ಆಯಿತು! ಲಂಗರು ಸಾರ್ ಹೇಳಿದ ಕ್ರಮದಲ್ಲೇ ಮಾಡಿದೆ. ಬಲ ಬಂಕ್ ಸ್ಟ್ರಿಂಗರ್‌ನಿಂದ ನಾಲ್ಕು ಬೆರಳು ಒಳಗಿತ್ತು, ಅದನ್ನೂ ಹೊರಗೆ ತಂದೆ. ಕಪ್ಲರ್ ಈಗ 70 ಕಿಲೋ ಹತ್ತಿರ. ಬಂಕಿಗೂ ತಳಕ್ಕೂ ನಡುವೆ ಕಾಗದ ತೂರಿಸಿ ನೋಡಿದೆ, ಹಿಂದಿನ ಮುಕ್ಕಾಲು ಭಾಗದಲ್ಲಿ ಎರಡೂ ಅಂಚಿನಲ್ಲಿ ಎಲ್ಲೂ ಹೋಗಲಿಲ್ಲ. ಮುಂದಿನ ತುದಿಯಲ್ಲಿ ಮಾತ್ರ ಹೊರ ಅಂಚಿನಲ್ಲಿ ಸಲೀಸಾಗಿ ಹೋಗುತ್ತದೆ. ಅಲ್ಲಿ ಏನಾದರೂ ತುಂಬಬೇಕಾ?

ಲಂಗರು:
ತುಂಬಬೇಡಿ. ತಳ ಮುಂದಕ್ಕೆ ಹೋದಂತೆ ಓರೆ ಜಾಸ್ತಿ ಆಗುತ್ತದೆ, ನೇರ ಹಲಗೆ ಅದರ ಜೊತೆ ತಿರುಚಿಕೊಳ್ಳಲ್ಲ. ಹಿಂದೆ ಸರಿಯಾಗಿ ಕೂತಿದೆಯಲ್ಲ, ಭಾರ ಇರೋದೇ ಅಲ್ಲಿ. ಕೀಲ್ ರೋಲರ್‌ಗಳನ್ನು ಬರೀ ತಾಗುವಷ್ಟು ಏರಿಸಿ, ಕೈಯಿಂದ ತಿರುಗಿಸಲು ಆಗುವಂತಿರಲಿ. ಕ್ರಾಸ್ ಮೆಂಬರ್‌ಗೂ (ಟ್ರೇಲರ್‌ನ ಅಡ್ಡ ಕಂಬಿ) ಕೀಲ್‌ಗೂ ನಡುವೆ ಎರಡು ಬೆರಳಾದರೂ ಜಾಗ ಬೇಕು. ಮೊದಲ ಸಲ ಹೋಗಿ ಬಂದ ಮೇಲೆ ಯು-ಬೋಲ್ಟ್ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿ, ಪೆಟ್ರೋಲ್ ಟ್ಯಾಂಕ್ ತುಂಬಿದಾಗ ಒಮ್ಮೆ, ಖಾಲಿ ಇದ್ದಾಗ ಒಮ್ಮೆ ಕಪ್ಲರ್ ತೂಕ ನೋಡಿ. ಬಿರುಕಿನ ತುದಿಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿಡಿ. ಗುರುತು ದಾಟಿ ಬೆಳೆದರೆ ಒಳಗಿನ ಫೈಬರ್ ಪದರ ಬಿಟ್ಟಿರಬಹುದು, ಆಗ ಫೈಬರ್ ರಿಪೇರಿ ಗೊತ್ತಿರುವವರಿಗೆ ತೋರಿಸಿಯೇ ನೀರಿಗೆ ಇಳಿಸಿ.