ಪುಟ್ಟನ ಕಾಲು ನೋವು, ಗೋವಾ ಆಸೆ

ಪುಟ್ಟಾ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡಿ ಕಳಿಸ್ತಿದೀನಿ, ಪೂರ್ತಿ ಕೇಳು. ನಿನ್ನೆ ನೀನು ಕೇಳಿದ್ದು, "ಮೂರು ವಾರದಿಂದ ದಿನಾ 5 ಕಿಲೋಮೀಟರ್ ಓಡ್ತಿದೀನಿ, ಮಂಡಿ ಕೆಳಗಿನ ಕಣಕಾಲು ಮೂಳೆ ನೋಯ್ತಿದೆ, ಏಪ್ರಿಲ್‌ನಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ, ಅಂದ್ರೆ 10 ಕಿಲೋಮೀಟರ್ ಓಟದ ಸ್ಪರ್ಧೆ ಇದೆ, ನೋವಲ್ಲೇ ಓಡ್ಲಾ?" ಅಂತ ಅಲ್ವಾ. ಬೇಡ ಕಣೋ.

ಮೊದಲು ಕೂತಲ್ಲೇ ಹೆಬ್ಬೆರಳಲ್ಲಿ ಆ ಮೂಳೆಯ ಒಳಮಗ್ಗುಲನ್ನ ಮೇಲಿಂದ ಕೆಳಗೆ ಒತ್ಕೊಂಡು ಬಾ. ಒಂದು ಗೇಣುದ್ದ ಅಲ್ಲಲ್ಲಿ ನೋವಿದ್ರೆ ಅದು ಶಿನ್ ಸ್ಪ್ಲಿಂಟ್, ಅಂದ್ರೆ ಓಟದ ಹೊಡೆತಕ್ಕೆ ಆ ಮೂಳೆ ಅಂಚಲ್ಲಿ ಬರೋ ನೋವು, ಹೊಸದಾಗಿ ಓಡೋರಿಗೆ ತುಂಬ ಜನಕ್ಕೆ ಬರುತ್ತೆ. ಆದರೆ ನಾಣ್ಯದಗಲ ಒಂದೇ ಜಾಗದಲ್ಲಿ ಜೀವ ಹೋದ ಹಾಗಾದ್ರೆ, ಇಲ್ಲಾ ರಾತ್ರಿ ಮಲಗಿದಾಗಲೂ ನೋವಿದ್ರೆ, ಓಟ ನಿಲ್ಸಿ ಮೂಳೆ ಡಾಕ್ಟರ ಹತ್ರ ಹೋಗು. ನಾನು ಹೋಗ್ಲಿಲ್ಲ. ಇನ್ನೊಂದು ವಾರ ನೋಡೋಣ ಅಂತ ಓಡಿ ಓಡಿ ಮೂಳೆ ಸಣ್ಣಗೆ ಬಿರುಕು ಬಿಟ್ಟು, ಎರಡು ತಿಂಗಳು ಕುಂಟಿದೀನಿ. ಆ ನೋವು ನಿನಗೆ ಬೇಡ.

ಯಾಕೆ ಹೀಗಾಗುತ್ತೆ ಗೊತ್ತಾ? ಉಸಿರು, ಎದೆ ಬೇಗ ಪಳಗುತ್ತೆ, ಕೆಲವೇ ವಾರದಲ್ಲಿ. ಮೂಳೆ, ಸ್ನಾಯುವನ್ನ ಮೂಳೆಗೆ ಕಟ್ಟೋ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಉಸಿರು ಇನ್ನೂ ಓಡು ಅನ್ನುತ್ತೆ, ಮೂಳೆ ಸಾಕು ಅನ್ನುತ್ತೆ. ನೀನು ಮೂಳೆ ಮಾತು ಕೇಳು.

ನೋವು ಹೋಗೋವರೆಗೂ ನಡಿ, ಸೈಕಲ್ ಹೊಡಿ, ಈಜು. ಆಮೇಲೆ ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ವೇಗ ಎಷ್ಟಿರಬೇಕು ಅಂದ್ರೆ, ಓಡ್ತಾ ಹದಿಮೂರರ ಮಗ್ಗಿ ಗಟ್ಟಿಯಾಗಿ ಹೇಳು. ಹದಿಮೂರೈದ್ಲ ಅರವತ್ತೈದಕ್ಕೇ ಏದುಸಿರು ಬಂದ್ರೆ ವೇಗ ಜಾಸ್ತಿ ಆಯ್ತು ಅಂತ. ಎಲ್ಲರೂ ದಾಟಿ ಹೋಗ್ಲಿ, ಬಿಡು. ನಮ್ಮ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾನು ಈಗಲೂ ಹೀಗೇ ಓಡೋದು. ಹೆಜ್ಜೆ ಚಿಕ್ಕದಿರಲಿ, ಪಾದ ದೇಹದ ಕೆಳಗೇ ಬೀಳಲಿ, ದೂರಕ್ಕೆ ಚಾಚಿ ಹಿಮ್ಮಡಿ ಕುಟ್ಟಬೇಡ. ದಿನಾ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸು, 15 ಸಲ, ಮೂರು ಸುತ್ತು. ಮೀನಖಂಡ ಗಟ್ಟಿಯಾದಷ್ಟೂ ಮೂಳೆಗೆ ಹೊಡೆತ ಕಡಿಮೆ. ಕಾಲೇಜು ದಿನದ ಆ ಹಳೇ ಶೂ ದಯವಿಟ್ಟು ಬಿಸಾಕು.

ಅಕ್ಕ, ಭಾವ, ನೀವೂ ಕೇಳಿಸ್ಕೊಳ್ಳಿ. ಭಾವ, ಓಡಿದ್ರೆ ಮಂಡಿ ಸವೆಯುತ್ತೆ ಅಂತ ನೀವಂದ್ರಿ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದರೆ ಹವ್ಯಾಸಕ್ಕೆ ಓಡೋರಲ್ಲಿ ಮಂಡಿ ಸವೆತ, ಓಡದೆ ಕೂತಿರೋರಿಗಿಂತ ಕಡಿಮೆ ಅಂತಲೇ ಅಧ್ಯಯನಗಳಲ್ಲಿ ಕಂಡಿರೋದು. ಅಕ್ಕಾ, ಓಟಕ್ಕೆ ಮುಂಚೆ ಪುಟ್ಟಂಗೆ ಮೂರು ಲೀಟರ್ ನೀರು ಕುಡಿಸ್ತೀನಿ ಅಂದ್ಯಲ್ಲ, ಹಾಗೆ ಮಾಡಬೇಡ. ಬರೀ ನೀರು ಅತಿಯಾದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತೆ, ಅದು ಅಪಾಯ. ಬಾಯಾರಿದಾಗ ಕುಡೀಲಿ. ಎರಡು ಗಂಟೆ ಮುಂಚೆ ಎರಡು ಇಡ್ಲಿ, ಇಲ್ಲಾ ಬಾಳೆಹಣ್ಣು, ಸಾಕು. ಸ್ಪರ್ಧೆ ದಿನ ಹೊಸ ತಿಂಡಿನೂ ಬೇಡ, ಹೊಸ ಶೂನೂ ಬೇಡ.

ಇನ್ನು ಪುಟ್ಟಾ, ನಿನ್ನ ಗೋವಾ ಸ್ಪರ್ಧೆ ಆಸೆ. ಅಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಅಂದ್ರೆ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಅದಾದ ಮೇಲೆ 21.1 ಕಿಲೋಮೀಟರ್ ಓಟ. ಆಸೆ ಇಟ್ಕೋ, ನಂಗೂ ಖುಷಿ. ಆದರೆ ಮೊದಲು ಸ್ಪ್ರಿಂಟ್ ಟ್ರಯಥ್ಲಾನ್ ಮಾಡು, ಅಂದ್ರೆ ಅದೇ ಮೂರರ ಚಿಕ್ಕ ಸ್ಪರ್ಧೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ಓಡಿ ನೋಡು, ಕಾಲು ನಿನ್ನದೇ ಅಲ್ಲ ಅನ್ನಿಸುತ್ತೆ, ಅದಕ್ಕೇ ಅಭ್ಯಾಸ ಬೇಕು. ನಂಗೆ ಭಯ ಇರೋದು ಈಜಿನದ್ದು. ಈಜುಕೊಳದಲ್ಲಿ ತಳದಲ್ಲಿ ಕಪ್ಪು ಗೆರೆ ಇರುತ್ತೆ, 25 ಮೀಟರಿಗೊಂದು ಗೋಡೆ ಸಿಗುತ್ತೆ. ಸಮುದ್ರದಲ್ಲಿ ಎರಡೂ ಇಲ್ಲ. ಏಳೆಂಟು ಸಲ ಕೈ ಬೀಸಿದ್ಮೇಲೆ ಒಂದ್ಸಲ ತಲೆ ಎತ್ತಿ ದಿಕ್ಕು ನೋಡ್ಕೋಬೇಕು, ಅದನ್ನ ಕೊಳದಲ್ಲೇ ಕಲಿ. ಕೆರೆಗಾಗಲಿ ಸಮುದ್ರಕ್ಕಾಗಲಿ ಒಬ್ಬನೇ ಇಳಿಯಲ್ಲ ಅಂತ ನಂಗೆ ಮಾತು ಕೊಡು.

ಈಗ ಕಾಲು ಒತ್ತಿ ನೋಡಿ, ಗೇಣುದ್ದಾನೋ ನಾಣ್ಯದಗಲಾನೋ ಹೇಳು. ಫೋನ್ ಕೈಯಲ್ಲೇ ಇಟ್ಕೊಂಡಿದೀನಿ.