ಪದಚರ್ಚೆ: ಗಿಡದ ‘ಸಾರ’ ಎಂದರೆ ಯಾವುದು? ‘ಉತ್ಕರ್ಷಣ ಒತ್ತಡ’ಕ್ಕೆ ಬೇರೆ ಮಾತು ಉಂಟೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆಗೆ ಬಳಸುವ ಗಿಡಮೂಲಿಕೆಗಳ ಬಗ್ಗೆ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಸಾಗರ, ಸೊರಬ ಕಡೆಯ ಹಳ್ಳಿಗಳ ರೋಗಿಗಳು, ಅವರ ಮನೆಯವರು. ಎರಡು ಪದಗಳ ಮುಂದೆ ಕೆಲಸ ನಿಂತಿದೆ. ನಿಮ್ಮ ನಿಮ್ಮ ಕಡೆಯ ಬಳಕೆ ತಿಳಿಸಿದರೆ ದೊಡ್ಡ ಉಪಕಾರ.

ಮೊದಲನೆಯದು ‘ಎಕ್ಸ್‌ಟ್ರ್ಯಾಕ್ಟ್’. ಇದಕ್ಕೆ ಸಾರ, ಸತ್ವ, ರಸ, ಅರ್ಕ ಎಲ್ಲವನ್ನೂ ಒಂದರ ಬದಲು ಒಂದು ಬಳಸುವುದನ್ನು ಕಾಣುತ್ತೇವೆ. ನಾನು ಕರಡಿನಲ್ಲಿ ‘ಮಧುನಾಶಿನಿ ಎಲೆಯ ಸಾರ, ದಿನಕ್ಕೆ 400 ಮಿಲಿಗ್ರಾಂ’ ಎಂದು ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರಿಗೆ 12 ವರ್ಷದಿಂದ ಶುಗರ್ ಇದೆ. ಕೇಳುತ್ತಿದ್ದವರು ಅಲ್ಲೇ ತಡೆದರು: “ಸಾರ ಅಂದ್ರೆ ಎಂತದೆ? ಹಿಂಡಿದ್ದಾ, ಕುದಿಸಿ ಬತ್ತಿಸಿದ್ದಾ, ಅರೆದು ಸೋಸಿದ್ದಾ? ಅದನ್ನ ಹೇಳದೆ ಬರೀ 400 ಅಂದ್ರೆ ನಾ ಎಷ್ಟು ಎಲೆ ಕೊಯ್ಯಲಿ?”

ಆ ಪ್ರಶ್ನೆಗೆ ಕರಡಿನಲ್ಲಿ ಉತ್ತರ ಇರಲಿಲ್ಲ. 400 ಎಂಬ ಅಂಕಿ ಬಂದದ್ದು ಮದರಾಸಿನ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಟೈಪ್ 2 ಮಧುಮೇಹದ 22 ಮಂದಿಗೆ, ಅವರು ನುಂಗುತ್ತಿದ್ದ ಮಾತ್ರೆಯ ಜೊತೆಗೇ, 18ರಿಂದ 20 ತಿಂಗಳು ಕೊಟ್ಟು ನೋಡಿದ್ದರು. ಸಕ್ಕರೆ ಇಳಿಯಿತು, 5 ಮಂದಿಗೆ ಮಾತ್ರೆ ಬಿಡುವಷ್ಟು ಇಳಿಯಿತು. ಸಣ್ಣ ಅಧ್ಯಯನ, ಅದರ ಮೇಲೆ ಹೆಚ್ಚು ಭಾರ ಹೊರಿಸಬಾರದು. ಆದರೆ ಆ 400 ಮಿಲಿಗ್ರಾಂ ಎಲೆಯ ತೂಕವಲ್ಲ, ಎಲೆಯಿಂದ ಇಳಿಸಿ ಒಣಗಿಸಿದ ಪುಡಿಯ ತೂಕ. 10 ಗ್ರಾಂ ಒಣ ಎಲೆಯಿಂದ 1 ಗ್ರಾಂ ಪುಡಿ ಬಂತೆಂದು ಇಟ್ಟುಕೊಂಡರೆ, 400 ಮಿಲಿಗ್ರಾಂ ಪುಡಿ ಎಂದರೆ 4 ಗ್ರಾಂ ಎಲೆ. ನೀರಿನ ಬದಲು ಮದ್ಯಸಾರದಲ್ಲಿ ನೆನೆಸಿ ತೆಗೆದರೆ ಲೆಕ್ಕವೂ ಬೇರೆ, ಪುಡಿಯೊಳಗೆ ಇರುವುದೂ ಬೇರೆ. ಆಲೆಮನೆಯಲ್ಲಿ ನಿಂತು ನೋಡಿದವರಿಗೆ ಇದು ಹೊಸದಲ್ಲ. ಕಬ್ಬಿನ ಹಾಲು, ಜೋನಿಬೆಲ್ಲ, ಅಚ್ಚುಬೆಲ್ಲ ಎಲ್ಲ ಒಂದೇ ಕಬ್ಬಿನಿಂದ ಬಂದದ್ದು, ಆದರೂ ‘ಒಂದು ಲೋಟ ಕಬ್ಬಿನ ಸಾರ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಬೆಲ್ಲಕ್ಕೆ ಇರುವ ಈ ಖಚಿತತೆ ಔಷಧಿಗೆ ಇಲ್ಲದೆ ಹೋದರೆ ಹೇಗೆ?

‘ಸಾರ’ದ ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರಯೋಗಾಲಯದ ಬರಹಗಳಲ್ಲಿ ಎಥನಾಲಿನಲ್ಲಿ ತೆಗೆದ ಎಕ್ಸ್‌ಟ್ರ್ಯಾಕ್ಟ್ ಹೆಜ್ಜೆಹೆಜ್ಜೆಗೂ ಬರುತ್ತದೆ. ಕನ್ನಡ ಮಾಡಿದರೆ ‘ಮದ್ಯಸಾರದ ಸಾರ’. ಹೊನ್ನೆ ಮರದ ವಿಷಯಕ್ಕೆ ಬಂದರೆ ಇನ್ನೂ ತೊಡಕು. ಸಂಸ್ಕೃತದಲ್ಲಿ ಮರದ ‘ಸಾರ’ ಎಂದರೆ ಒಳಗಿನ ಗಟ್ಟಿ ಭಾಗ, ನಾವು ಚೇಗು ಎನ್ನುವುದು. ಹಿಂದಿಯಲ್ಲಿ ಹೊನ್ನೆಗಿರುವ ‘ವಿಜಯಸಾರ್’ ಎಂಬ ಹೆಸರಿನ ಕೊನೆಯಲ್ಲಿರುವ ‘ಸಾರ್’ ಕೂಡ ಅದೇ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಲೋಟ ಕಡೆಯುವುದು ಈ ಚೇಗಿನಿಂದಲೇ. ಹಾಗಾದರೆ ‘ಹೊನ್ನೆಯ ಸಾರ’ ಎಂದು ಬರೆದರೆ ಓದುಗ ಚೇಗು ಎಂದುಕೊಳ್ಳಬೇಕೇ, ಚೇಗಿನಿಂದ ಇಳಿದ ನೀರು ಎಂದುಕೊಳ್ಳಬೇಕೇ? ಇಲ್ಲಿ ‘ಹೊನ್ನೆ’ ಎಂಬ ಪದವೂ ಕಾಲು ಹಿಡಿದು ಎಳೆಯುತ್ತದೆ. ಕರಾವಳಿಯಲ್ಲಿ ದೀಪದ ಎಣ್ಣೆ ತೆಗೆಯುತ್ತಿದ್ದ ಹೊನ್ನೆಯೇ ಬೇರೆ ಮರ. ಅದಕ್ಕೂ ಮಧುಮೇಹದ ಈ ಹೊನ್ನೆಗೂ ನಂಟಿಲ್ಲ. ಕಿರುಹೊತ್ತಿಗೆಯಲ್ಲಿ ಚಿತ್ರ ಹಾಕಿ, ‘ಎಣ್ಣೆಯ ಹೊನ್ನೆ ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ.

‘ಸತ್ವ’ವನ್ನು ನಾನು ಒಪ್ಪುವುದೇ ಇಲ್ಲ. ಅದಕ್ಕೆ ಈಗಾಗಲೇ ಖಚಿತವಾದ ಅರ್ಥ ಇದೆ. ಅಮೃತಬಳ್ಳಿಯ ಕಾಂಡ ಜಜ್ಜಿ, ನೀರಿನಲ್ಲಿ ಕಿವುಚಿ, ಸೋಸಿ, ತಳದಲ್ಲಿ ಕೂತ ಬಿಳಿ ಗಸಿಯನ್ನು ಒಣಗಿಸಿದರೆ ಅಮೃತಬಳ್ಳಿ ಸತ್ವ. ಅದರಲ್ಲಿ ಹೆಚ್ಚಿನದು ಹಿಟ್ಟು. ಕಹಿ ಬಹುಪಾಲು ಮೇಲಿನ ನೀರಿನ ಜೊತೆ ಹೋಗಿರುತ್ತದೆ. ಕುದಿಸಿ ಬತ್ತಿಸಿದ ಕಹಿ ಪುಡಿಯನ್ನು ಅಧ್ಯಯನ ಮಾಡಿದ ಬರಹವನ್ನು ‘ಸತ್ವ’ ಎಂದು ಅನುವಾದಿಸಿದರೆ, ರೋಗಿ ಅಂಗಡಿಯಿಂದ ತರುವುದು ಬೇರೆಯೇ ವಸ್ತು. ‘ಅರ್ಕ’ ಎಂದರೆ ಬಟ್ಟಿ ಇಳಿಸಿದ್ದು, ಹಬೆಯ ಜೊತೆ ಏರದ ಯಾವುದೂ ಅದರಲ್ಲಿ ಇರುವುದಿಲ್ಲ. ‘ಘನಸಾರ’ ಎಂದು ಒಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಹಳೆಯ ಕಾವ್ಯ ಓದಿದವರಿಗೆ ಘನಸಾರ ಎಂದರೆ ಕರ್ಪೂರ. ಔಷಧಿ ತಯಾರಕರು ‘ಘನ’, ‘ಘನವಟಿ’ ಎನ್ನುವುದುಂಟು. ಆ ಕೆಲಸದವರಿಗೆ ಗೊತ್ತು, ದೊಡ್ಡಮ್ಮನಿಗೆ ಗೊತ್ತಿಲ್ಲ.

ಆಯುರ್ವೇದದ ಹಳಬರು ಈ ಗೊಂದಲ ಮಾಡಿಕೊಂಡಿರಲಿಲ್ಲ. ಹಿಂಡಿದರೆ ಸ್ವರಸ, ಅರೆದರೆ ಕಲ್ಕ, ಕುದಿಸಿದರೆ ಕ್ವಾಥ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದರೆ ಹಿಮ, ಬಿಸಿನೀರಿನಲ್ಲಿ ಅದ್ದಿಟ್ಟು ಸೋಸಿದರೆ ಫಾಂಟ. ಕ್ವಾಥಕ್ಕೆ ಶಾರ್ಙ್ಗಧರ ಸಂಹಿತೆ ಅಳತೆಯನ್ನೂ ಕೊಡುತ್ತದೆ: ಒಂದು ಪಾಲು ಮೂಲಿಕೆಗೆ 16 ಪಾಲು ನೀರು, ಎಂಟನೇ ಒಂದಕ್ಕೆ ಬತ್ತುವವರೆಗೆ. ಹೊನ್ನೆ ಲೋಟದ ನೀರು ಹಿಮದ ಜಾತಿಗೆ ಸೇರಿತು. ಮೆಂತ್ಯ ನೆನೆಸಿದ ನೀರೂ ಅಷ್ಟೇ. ಪದದಲ್ಲೇ ಮಾಡುವ ಬಗೆ ಅಡಗಿದೆ, ಅದು ನನಗೆ ಬಹಳ ಇಷ್ಟವಾದ ಸಂಗತಿ. ಆದರೆ ‘ಫಾಂಟ’, ‘ಹಿಮ’ ಇಂದಿನ ಓದುಗರಿಗೆ ಹೇಳಿಕೊಡಬೇಕಾದ ಪದಗಳು. ಕ್ವಾಥಕ್ಕೆ ‘ಕಷಾಯ’ ಇದೆಯಲ್ಲ ಎನ್ನಬಹುದು. ನಮ್ಮ ಮನೆಗಳಲ್ಲಿ ಕಷಾಯ ಎಂದರೆ ಕೊತ್ತಂಬರಿ, ಜೀರಿಗೆಯ ಪುಡಿ ಕುದಿಸಿ ಹಾಲು ಬೆಲ್ಲ ಬೆರೆಸಿದ್ದು. ಸಕ್ಕರೆ ಕಾಯಿಲೆಯವರಿಗೆ ‘ಕಷಾಯ ಮಾಡಿ ಕುಡಿಯಿರಿ’ ಎಂದು ಬರೆದರೆ ಬೆಲ್ಲ ಬೀಳುವುದು ಖಂಡಿತ.

ಹೀಗೆ ಹುಡುಕುವಾಗ ನೆನಪಾದದ್ದು ಅಡಿಕೆ ಬೇಯಿಸುವ ಮನೆಯ ‘ಚೊಗರು’. ಅಡಿಕೆ ಬೇಯಿಸಿದ ನೀರನ್ನು ಚೆಲ್ಲದೆ ಮತ್ತೆ ಮತ್ತೆ ಅದರಲ್ಲೇ ಬೇಯಿಸುತ್ತಾರೆ. ನೀರು ಕೆಂಪಾಗಿ, ಮಂದವಾಗಿ, ಕೊನೆಗೆ ಪಾಕದಂತಾಗುತ್ತದೆ. ಅಡಿಕೆಗೆ ಬಣ್ಣ ಕೊಡಲು ಅದೇ ಬೇಕು. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ‘ಚರಕ’ದವರು ಬಟ್ಟೆಗೆ ಬಣ್ಣ ಹಾಕುವುದೂ ಚೊಗರಿನಲ್ಲಿ. ಗಿಡದ ಭಾಗವೊಂದನ್ನು ನೀರಿನಲ್ಲಿ ಕುದಿಸಿ, ಅದರಲ್ಲಿ ಕರಗುವುದನ್ನೆಲ್ಲ ಇಳಿಸಿ, ಬತ್ತಿಸಿ ಗಟ್ಟಿ ಮಾಡಿದ್ದು. ಪ್ರಯೋಗಾಲಯದ ನೀರಿನ ಎಕ್ಸ್‌ಟ್ರ್ಯಾಕ್ಟ್ ಇದಕ್ಕಿಂತ ಬೇರೆ ಏನು? ಇನ್ನೊಂದು ಚೆಂದ ನೋಡಿ. ಸಂಸ್ಕೃತದಲ್ಲಿ ‘ಕಷಾಯ’ ಎಂದರೆ ಒಗರು ರುಚಿಯೂ ಹೌದು, ಕುದಿಸಿ ಇಳಿಸಿದ್ದೂ ಹೌದು. ಕನ್ನಡದ ‘ಚೊಗರು’ ಕೂಡ ಹಾಗೆಯೇ, ರುಚಿಗೂ ಅದೇ ಪದ, ಬತ್ತಿಸಿದ ನೀರಿಗೂ ಅದೇ ಪದ. ಎರಡು ನುಡಿಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ನಿಂತಿವೆ. ಚೇಗು, ತೊಗಟೆ, ನೆಲ್ಲಿಯಂಥ ಒಗರು ವಸ್ತುಗಳಿಗೆ ಚೊಗರು ಒಪ್ಪುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ. ‘ಮೆಂತ್ಯದ ಚೊಗರು’ ಎಂದರೆ ಮಾತ್ರ ನಾಲಿಗೆ ಒಪ್ಪುವುದಿಲ್ಲ. ಬಯಲುಸೀಮೆಯವರಿಗೆ ಈ ಪದವೇ ಹೊಸದು ಎಂಬ ಅಳುಕೂ ಇದೆ.

ಈಗ ಎರಡನೆಯ ಪದ, ‘ಆಕ್ಸಿಡೇಟಿವ್ ಸ್ಟ್ರೆಸ್’. ಶಾಲೆಯ ವಿಜ್ಞಾನದಲ್ಲಿ ಉತ್ಕರ್ಷಣ, ಅಪಕರ್ಷಣ ಎಂದು ಕಲಿತದ್ದರಿಂದ ‘ಉತ್ಕರ್ಷಣ ಒತ್ತಡ’ ಎಂದು ಬರೆದಿದ್ದೆ. ದೊಡ್ಡಮ್ಮ “ನಂಗೆ ಬಿಪಿ ಇಲ್ಲವಲ್ಲ, ಇದು ನಂಗಲ್ಲ” ಎಂದು ಆ ಪುಟವನ್ನೇ ದಾಟಿಸಿದರು. ಆರೋಗ್ಯದ ಪುಸ್ತಕದಲ್ಲಿ ‘ಒತ್ತಡ’ ಎಂದರೆ ಜನ ಓದುವುದು ರಕ್ತದೊತ್ತಡ, ಇಲ್ಲವೇ ಮನಸ್ಸಿನ ಒತ್ತಡ. ಇನ್ನು ‘ಉತ್ಕರ್ಷ’ ಎಂದರೆ ಏಳಿಗೆ. ‘ಉತ್ಕರ್ಷಣ ನಿರೋಧಕ’ (ಆಂಟಿಆಕ್ಸಿಡೆಂಟ್) ಎಂದರೆ ಏಳಿಗೆಗೆ ಅಡ್ಡ ಬರುವುದು ಎಂದು ಅರ್ಥ ಮಾಡಿಕೊಂಡರೆ ಓದುಗರ ತಪ್ಪಲ್ಲ.

ಹೇಳಬೇಕಾದ ವಿಷಯವಾದರೂ ಏನು? ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಜೀವಕೋಶಗಳಲ್ಲಿ ಆಮ್ಲಜನಕದ ಚುರುಕು ತುಣುಕುಗಳು ಅಳತೆ ಮೀರುತ್ತವೆ, ಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ. ಕೊಬ್ಬು ಹೀಗೆ ಕೆಡುವುದಕ್ಕೆ ಕನ್ನಡದಲ್ಲಿ ಪದ ಇಲ್ಲವೇ? ಅಡುಗೆಮನೆಗೆ ಹೋಗಿ ನೋಡಿ. ಅಕ್ಕಿ ಮುಗ್ಗುತ್ತದೆ, ಸಾರು ಹಳಸುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಎಣ್ಣೆ ಕಮಟು ವಾಸನೆ ಬರುತ್ತದೆ. ಮುಗ್ಗುವುದು, ಹಳಸುವುದು ಸೂಕ್ಷ್ಮಜೀವಿಗಳ ಕೆಲಸ. ಕಿಲುಬು, ತುಕ್ಕು, ಕಮಟು ಮೂರರಲ್ಲೂ ಆಮ್ಲಜನಕದ ಕೈ ಇದೆ. ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದದೆಯೂ ಇವನ್ನು ಒಂದಕ್ಕೊಂದು ಬೆರೆಸಲಿಲ್ಲ.

‘ಕಮಟು’ ಇಲ್ಲಿ ಬರೀ ಹೋಲಿಕೆಯಲ್ಲ. ಇಲಿಗೆ ಅಲಾಕ್ಸಾನ್ ಅಥವಾ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ, ಇನ್ಸುಲಿನ್ ಮಾಡುವ ಕೋಶಗಳನ್ನು ಕೊಂದು, ಮಧುಮೇಹ ಬರಿಸಿ, ಮೂಲಿಕೆಯ ಎಕ್ಸ್‌ಟ್ರ್ಯಾಕ್ಟ್ ಕುಡಿಸಿದ ಪ್ರಯೋಗಗಳು ಬೇಕಾದಷ್ಟಿವೆ. ಸಕ್ಕರೆ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ನೋಡಿದ ಮೇಲೆ ಯಕೃತ್ತಿನ ಚೂರಿನಲ್ಲಿ, ಕೊಬ್ಬು ಹೀಗೆ ಕೆಟ್ಟಾಗ ಹುಟ್ಟುವ ಮೆಲಾನ್‌ಡೈಆಲ್ಡಿಹೈಡ್ ಎಷ್ಟಿದೆ ಎಂದು ಅಳೆಯುತ್ತಾರೆ. ಥಯೋಬಾರ್ಬಿಟ್ಯುರಿಕ್ ಆಮ್ಲ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಆಹಾರದ ಎಣ್ಣೆ, ಜಿಡ್ಡು ಕಮಟಾಗಿದೆಯೇ ಎಂದು ನೋಡಲೂ ಇದೇ ಪರೀಕ್ಷೆ. ಅಂದರೆ ಹಳೆಯ ಎಣ್ಣೆಗೆ ಆಗುವುದೂ ಕೋಶದ ಪೊರೆಗೆ ಆಗುವುದೂ ಒಂದೇ ಬಗೆಯ ಕೆಡುಕು. ಹಾಗಿದ್ದ ಮೇಲೆ ‘ಒಳಗಿನ ಕೊಬ್ಬು ಕಮಟುವುದು’ ಎಂದು ಬರೆದರೆ ವಿಜ್ಞಾನಕ್ಕೂ ಮೋಸವಿಲ್ಲ, ದೊಡ್ಡಮ್ಮನಿಗೂ ತಿಳಿಯುತ್ತದೆ. ಉತ್ಕರ್ಷಣ ನಿರೋಧಕಕ್ಕೆ ‘ಕಮಟುತಡೆ’ ಎಂದು ಬರೆದು ನೋಡಿದ್ದೇನೆ. ತುಪ್ಪ ಕಾಯಿಸುವಾಗ ಬಹಳ ದಿನ ಕೆಡದಿರಲಿ ಎಂದು ವೀಳ್ಯದೆಲೆ ಹಾಕುತ್ತೇವಲ್ಲ, ಆ ಎಲೆ ಮಾಡುವ ಕೆಲಸ ಅದೇ. ಆದರೆ ಕೊಬ್ಬಿನ ಜೊತೆಗೆ ಪ್ರೋಟೀನು, ಡಿಎನ್ಎಗಳಿಗೂ ಪೆಟ್ಟು ಬೀಳುತ್ತದೆ. ಅವಕ್ಕೆ ಕಮಟು ಎನ್ನಲಾಗದು. ಇದಕ್ಕೆ ಒಟ್ಟು ಹೆಸರು ಬೇಕು. ‘ಉತ್ಕರ್ಷಣದ ಹೊರೆ’ ಎಂದರೆ ಕಡೇಪಕ್ಷ ಬಿಪಿಯ ಗೊಂದಲ ತಪ್ಪೀತು.

ಕೊಬ್ಬಿನಂಶಕ್ಕೆ ಬಳಸುವ ‘ಲಿಪಿಡ್’ ಹಾಗೇ ಇರಲಿ ಎಂದು ತೀರ್ಮಾನಿಸಿದ್ದೇನೆ. ಲ್ಯಾಬಿನ ಚೀಟಿಯಲ್ಲಿ ಅದೇ ಅಚ್ಚಾಗಿರುತ್ತದೆ, ಜನ ಓದಿ ರೂಢಿಯಾಗಿದೆ.

ಗಿಡದ ಹೆಸರಿನ ಬಗ್ಗೆಯೂ ಒಂದು ಮಾತು. ‘ಮಧುನಾಶಿನಿ’ ಎಂಬ ಹೆಸರು ನೋಡಿಯೇ ಮಧುಮೇಹ ನಾಶವಾಗುತ್ತದೆ ಎಂದು ನಂಬಿದವರನ್ನು ನೋಡಿದ್ದೇನೆ. ಆ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತೆ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಗೆ ಸಿಹಿ ತಿಳಿಯದಂತೆ ಸ್ವಲ್ಪ ಹೊತ್ತು ತಡೆಯುತ್ತವೆ. ಹಿಂದಿಯ ‘ಗುಡ್‌ಮಾರ್’, ಬೆಲ್ಲವನ್ನು ಕೊಲ್ಲುವುದು, ಎಂಬುದೂ ನಾಲಿಗೆಯ ಮಾತೇ. ಹೆಸರಿನಲ್ಲಿರುವ ‘ನಾಶ’ ರುಚಿಯದು, ರೋಗದ್ದಲ್ಲ. ‘ಇನ್ಸುಲಿನ್ ಗಿಡ’ದಲ್ಲಿ ಇನ್ಸುಲಿನ್ ಇಲ್ಲ ಎಂಬುದನ್ನೂ ಅಲ್ಲೇ ಸೇರಿಸುತ್ತೇನೆ. ‘ಶುಗರ್ ಇಳಿಯುತ್ತೆ’ ಎಂಬ ಮಾತನ್ನಂತೂ ಎಚ್ಚರದಿಂದ ಬಳಸಬೇಕು. ಮಾತ್ರೆಯ ಮೇಲೆ ಮೂಲಿಕೆಯೂ ಸೇರಿ ಸಕ್ಕರೆ ತೀರಾ ಕುಸಿದು, ಬೆವತು, ನಡುಗಿ ಬೀಳುವವರಿಗೂ ಜನ ಹೇಳುವುದು ‘ಶುಗರ್ ಇಳೀತು’ ಎಂದೇ. ಒಳ್ಳೆಯದಕ್ಕೆ ‘ಹತೋಟಿಗೆ ಬಂತು’, ಅಪಾಯಕ್ಕೆ ‘ಕುಸಿಯಿತು’ ಎಂದು ಬೇರೆ ಮಾಡಿದ್ದೇನೆ. ವೈದ್ಯರಿಗೆ ತಿಳಿಸದೆ ಯಾವುದನ್ನೂ ಶುರು ಮಾಡಬೇಡಿ, ಮಾತ್ರೆ ಬಿಡಬೇಡಿ ಎಂಬ ಸಾಲು ಪ್ರತಿ ಗಿಡದ ಕೆಳಗೂ ಬರುತ್ತದೆ.

ಮಾತ್ರೆ ಮತ್ತು ಗಿಡ ಒಂದಕ್ಕೊಂದು ವೈರಿಗಳಲ್ಲ ಎಂದೂ ಬರೆಯಬೇಕಾಗಿದೆ. ದೊಡ್ಡಮ್ಮ ದಿನಾ ನುಂಗುವ ಮೆಟ್‌ಫಾರ್ಮಿನ್‌ನ ಮೂಲವೂ ಗಿಡವೇ, ಯುರೋಪಿನ ಗಲೇಗಾ. ಅದರಲ್ಲಿದ್ದ ವಸ್ತುವಿಗೆ ಹತ್ತಿರದ ಮೆಟ್‌ಫಾರ್ಮಿನ್ ಅನ್ನು ಮೊದಲು ತಯಾರಿಸಿದ್ದು 1922ರಲ್ಲಿ; ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಆ ಗಿಡದ ವಸ್ತು ನೇರವಾಗಿ ಬಳಸಲಾಗದಷ್ಟು ವಿಷ. ಇಷ್ಟು ಇಂತಿಷ್ಟೇ ಎಂದು ಅಳೆದು ಕೊಡುವ ಹಂತಕ್ಕೆ ಬರಲು ಅಷ್ಟು ವರ್ಷ ಹಿಡಿಯಿತು. ಅದಕ್ಕೇ ‘ಸಾರ’ ಎಂದು ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ.

ಸದ್ಯಕ್ಕೆ ಕರಡಿನಲ್ಲಿ ‘ಎಲೆಯನ್ನು ನೀರಿನಲ್ಲಿ ಕುದಿಸಿ ಬತ್ತಿಸಿ ಒಣಗಿಸಿದ ಪುಡಿ’ ಎಂದು ಉದ್ದಕ್ಕೇ ಬರೆದಿದ್ದೇನೆ. ತಪ್ಪಿಲ್ಲ, ಆದರೆ ಪುಟಕ್ಕೆ ಹತ್ತು ಸಲ ಬರುತ್ತದೆ. ಬತ್ತಿಸಿ ಗಟ್ಟಿ ಮಾಡಿದ ಮೂಲಿಕೆಯ ನೀರಿಗೆ ನಿಮ್ಮ ಕಡೆ ನಾಟಿವೈದ್ಯರು ಏನೆನ್ನುತ್ತಾರೆ? ಚೊಗರು, ತೊಗರು ಎಂಬುವು ಅಡಿಕೆ ಬಿಟ್ಟು ಬೇರೆ ಯಾವುದಕ್ಕಾದರೂ ಬಳಕೆಯಲ್ಲಿವೆಯೇ? ಕಲಬುರಗಿ, ಬೀದರ್, ಬಳ್ಳಾರಿ ಕಡೆಯವರು ಹೇಳಿದರೆ ಬಹಳ ಉಪಯೋಗ. ಹಾಗೆಯೇ ಹಳೆಯ ಎಣ್ಣೆಯ ವಾಸನೆಗೆ ಕಮಟು ಅಲ್ಲದೆ ಬೇರೆ ಪದ ಇದ್ದರೆ, ಯಾವ ಊರಿನದು ಎಂಬುದರ ಜೊತೆ ಬರೆಯಿರಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.