ಅಡ್ಡಗಾಳಿಯಲ್ಲಿ ವಿಮಾನ ಇಳಿಯುವ ಬಗೆ

ಪ್ರಶ್ನೆ (ಕಾರವಾರದಿಂದ):
ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಗೋವಾ ಮೂಲಕ ಊರಿಗೆ ಮರಳುವಾಗ, ವಿಮಾನವು ಮೂತಿಯನ್ನು ಓರೆಯಾಗಿಟ್ಟುಕೊಂಡೇ ಇಳಿಯುತ್ತಿತ್ತು. ಪಕ್ಕದ ಕಿಟಕಿಯಲ್ಲೇ ರನ್‌ವೇಯ ದೀಪಗಳು ಕಂಡವು. ಕೊನೆಗೆ ಧಡ್ಡೆಂದು ನೆಲ ಮುಟ್ಟಿತು. ಇದು ಪೈಲಟ್ ಮಾಡಿದ ತಪ್ಪೇ?

ಉತ್ತರ 1:
ತಪ್ಪಲ್ಲ. ಕಾಳಿ ನದಿಯ ಅಳಿವೆಯಲ್ಲಿ ದೋಣಿ ದಾಟಿಸುವವರು ಸೆಳವಿಗೆ ಎದುರಾಗಿ ಮೂತಿ ತಿರುಗಿಸಿ ಹಿಡಿಯುವುದರಿಂದಲೇ ದೋಣಿ ನೇರವಾಗಿ ಆಚೆ ದಡ ಸೇರುತ್ತದೆ. ವಿಮಾನವೂ ಹಾಗೆಯೇ ಗಾಳಿಯತ್ತ ಮೂತಿ ಮಾಡಿ ರನ್‌ವೇಯ ನಡುಗೆರೆಯ ಮೇಲೆ ಸಾಗುತ್ತದೆ. ನೆಲಕ್ಕೆ ಕೆಲವೇ ಅಡಿಗಳಿರುವಾಗ ಪೈಲಟ್ ರಡ್ಡರ್ (ಬಾಲದಲ್ಲಿರುವ, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಚುಕ್ಕಾಣಿ) ಪೆಡಲ್ ತುಳಿದು ಮೂತಿಯನ್ನು ನೇರಗೊಳಿಸಿ, ಗಾಳಿ ಬರುವ ಬದಿಯ ರೆಕ್ಕೆಯನ್ನು ತುಸು ತಗ್ಗಿಸುತ್ತಾರೆ. ಒದ್ದೆ ರನ್‌ವೇಯಲ್ಲಿ ಗಾಲಿಗಳು ನೀರಿನ ಪದರ ಸೀಳಿ ಹಿಡಿತ ಪಡೆಯಬೇಕಾದ್ದರಿಂದ, ಮೆತ್ತಗೆ ಇಳಿಯುವುದಕ್ಕಿಂತ ಗಟ್ಟಿಯಾಗಿ ಇಳಿಯುವುದೇ ಲೇಸು.

ಉತ್ತರ 2 (ಶಿರಸಿಯಿಂದ):
ಗಾಳಿಯ ದಿಕ್ಕೂ ಮುಖ್ಯ. ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸುವ ಗಾಳಿಯ ಅರ್ಧ ವೇಗ ಮಾತ್ರ ಪಕ್ಕದಿಂದ ತಳ್ಳುವ ಅಡ್ಡಗಾಳಿಯಾಗುತ್ತದೆ. ಏರ್‌ಬಸ್ ಎ320 ಪರೀಕ್ಷಾ ಹಾರಾಟದಲ್ಲಿ ಥಟ್ಟನೆ ಬೀಸುವ ಬಿರುಸೂ ಸೇರಿ 38 ನಾಟ್, ಅಂದರೆ ಗಂಟೆಗೆ ಸುಮಾರು 70 ಕಿಲೋಮೀಟರ್ ಅಡ್ಡಗಾಳಿಯಲ್ಲಿ ಇಳಿದು ತೋರಿಸಿದೆ. ಒದ್ದೆ ರನ್‌ವೇಯಲ್ಲಿ ವಿಮಾನಯಾನ ಸಂಸ್ಥೆಗಳು ಇದಕ್ಕಿಂತ ಕಡಿಮೆ ಮಿತಿ ಇಡುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಗಾಳಿ ಥಟ್ಟನೆ ಜೋರಾದರೆ?

ಉತ್ತರ 1:
ಅದಕ್ಕೆಂದೇ ಇಳಿಯುವ ವೇಗಕ್ಕೆ ಕೆಲವು ನಾಟ್ ಸೇರಿಸಿಕೊಂಡಿರುತ್ತಾರೆ. ಆದರೂ ವಿಮಾನ ನಡುಗೆರೆ ಬಿಟ್ಟು ಸರಿದರೆ ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರುತ್ತಾರೆ. ಪ್ರಯಾಣಿಕರು ಗಾಬರಿಯಾಗುವುದು ಸಹಜ, ಆದರೆ ಆ ನಿರ್ಧಾರವನ್ನು ನಾನು ಸದಾ ಗೌರವಿಸುತ್ತೇನೆ.